ನಡೆಯೆಂಬ ನುಡಿ

ಕಾಲ್ನಡಿಗೆಗೆ ಇಂಗ್ಲಿಷಿನಲ್ಲಿ 'ವಾಕ್' ಎನ್ನುವರು. ಸಂಸ್ಕೃತಜ್ಞನಿಗೆ ಇದು ವಿನೋದವಾಗಿ ಕೇಳಿಸುವುದು. ಅವನ ಪಾಲಿಗೆ ವಾಕ್ ಎಂದರೆ ಮಾತು. ಒಬ್ಬರ ನಡೆಯು ಇನ್ನೊಬ್ಬರ ನುಡಿಯಾಯಿತು! ಈ ಹೋಲಿಕೆಯು ಕೇವಲ ಕಾಕತಾಳೀಯವಾದುದು. ಎರಡು ಶಬ್ದಗಳಿಗೂ ನಂಟಿಲ್ಲ. ಇಂಗ್ಲಿಷಿನ ಪದವು ಪೂರ್ವದಲ್ಲಿ ಹೊರಳು, ಉರುಳು ಎಂಬರ್ಥದಲ್ಲಿದ್ದಿತು. ಉಣ್ಣೆಯ ಬಟ್ಟೆಯನ್ನು ನೀರಿನಲ್ಲಿ ತುಳಿದು ಹದಗೊಳಿಸುವವನನ್ನು ಆ ನಾಡಿನಲ್ಲಿ 'ವಾಕರ್' ಎನ್ನುತ್ತಿದ್ದರು. ಇಂದು ಅದು ಮನೆತನದ ಹೆಸರಾಗಿ ಉಳಿದಿದೆ. ನಡೆಯುವುದೆಂಬ ಅರ್ಥವು ಆ ಪದಕ್ಕೆ ಅನಂತರ ಕೂಡಿಕೊಂಡಿತು.

ಕನ್ನಡದ 'ನಡೆ'ಯ ಇತಿಹಾಸವು ಹಾಗಲ್ಲ. ತಮಿಳು, ತೆಲುಗು, ಮಲಯಾಳಗಳಲ್ಲಿಯೂ ಇದೇ ಧಾತುವು ಇದೇ ಅರ್ಥದಲ್ಲಿರುವುದರಿಂದ, ಈ ಭಾಷೆಗಳು ಬೇರೆಬೇರೆಯಾಗುವುದಕ್ಕೆ ಮುಂಚಿನ ಶಬ್ದವಿದೆಂದು ಹೇಳಬಹುದು. ಶಾಲೆಯ ಹುಡುಗನು 'ವಾಕ್ ಎಂದರೆ ನಡೆ' ಎಂದು ಬಾಯಿಪಾಠ ಮಾಡಿ ಮುಂದಕ್ಕೆ ಹೋಗುತ್ತಾನೆ. ಅರ್ಥವೇನೋ ಸರಿಯೇ, ಆದರೆ ಅವನ ಮನೆಯ ಮಾತಿನಲ್ಲಿ ಆ ಶಬ್ದವು ಮಾಡುತ್ತಿರುವ ಕೆಲಸದ ಹತ್ತನೆಯ ಒಂದು ಪಾಲೂ ಆ ಸಮೀಕರಣದೊಳಗೆ ಬರುವುದಿಲ್ಲ.

ಕಲಬುರಗಿಯ ಪೇಟೆಯಲ್ಲಿ ಅರ್ಧ ಗಳಿಗೆ ನಿಂತು ಕೇಳಿದರೆ ಇದು ವೇದ್ಯವಾದೀತು. 'ನಡೀರಿ' ಎಂದರೆ ಹೊರಡೋಣವೆಂದರ್ಥ. 'ಏನ್ ನಡದದ?' ಎಂಬುದು ಕುಶಲಪ್ರಶ್ನೆ. ಸರಕು ಅಷ್ಟೇನೂ ಒಳ್ಳೆಯದಲ್ಲದಿದ್ದರೂ ಕೊಳ್ಳುವವನು 'ನಡೀತದ' ಎಂದು ಒಪ್ಪಿಕೊಳ್ಳುವನು. ನೆರೆಯ ಉರ್ದು, ಮರಾಠಿಗಳಲ್ಲಿಯೂ ಚಲ್ ಧಾತುವಿನಿಂದ ಇದೇ ಭಾವವನ್ನು ಹೇಳುವ ರೂಢಿಯುಂಟು. ನಾಣ್ಯವೂ ನಡೆಯುವಂಥದೇ. ನಿಜಾಮರ ರಾಜ್ಯದಲ್ಲಿ ಬ್ರಿಟಿಷರ 'ಕಲದಾರ' ರೂಪಾಯಿಗಿಂತ ಬೇರೆಯಾದ 'ಹಾಲಿ ಸಿಕ್ಕಾ' ಇದ್ದಿತು. ಹಾಲಿ ಎಂದರೆ ಸದ್ಯದ್ದು, ಚಲಾವಣೆಯಲ್ಲಿರುವುದು. 1959ರಲ್ಲಿ ಅದು ರದ್ದಾಗಿ ಅದರ ನಡೆಯು ನಿಂತುಹೋಯಿತು. ಹೆಸರಿನಲ್ಲಿ ಮಾತ್ರ ಹಾಲಿಯಾಗಿಯೇ ಉಳಿಯಿತು.

ಇವೆಲ್ಲಕ್ಕಿಂತ ಗಂಭೀರವಾದ ಪ್ರಯೋಗವೊಂದುಂಟು. ಒಂದು ಮನೆತನದವರು ಪರಂಪರೆಯಿಂದ ಒಂದು ದೇವರ ಭಕ್ತರಾಗಿದ್ದರೆ, ಅವರು ಆ ದೇವರಿಗೆ 'ನಡೆದುಕೊಳ್ಳುವವರು'. ಗಾಣಗಾಪುರದ ದತ್ತನಿಗೆ ನಡೆದುಕೊಳ್ಳುವವರು, ಶರಣಬಸವೇಶ್ವರರಿಗೆ ನಡೆದುಕೊಳ್ಳುವವರು ಎಂದು ಹೇಳುವಾಗ ದಾರಿ ಸವೆಸುವುದೂ ವ್ರತ ಪಾಲಿಸುವುದೂ ಒಂದೇ ಕ್ರಿಯಾಪದದೊಳಗೆ ಅಡಗಿವೆ. ಯುಗಾದಿಯ ಮುನ್ನ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಉತ್ತರ ಕರ್ನಾಟಕದ ಯಾತ್ರಿಕರನ್ನು ನೋಡಿದವರಿಗೆ ಈ ಅರ್ಥವನ್ನು ವಿವರಿಸಬೇಕಾಗಿಲ್ಲ. ಪೂಜ್ಯರು ಬರುವ ದಾರಿಯಲ್ಲಿ ಹಾಸುವ ಮಡಿಬಟ್ಟೆಗೆ 'ನಡೆಮಡಿ' ಎಂದು ಹೆಸರು. ಎಂಥ ಸುಂದರವಾದ ಮಾತು! ಪಟ್ಟಣದ ಮಕ್ಕಳು ಎಷ್ಟು ಮಂದಿ ಇದನ್ನು ಬಲ್ಲರು?

ಸಂಸ್ಕೃತದಲ್ಲಿಯೂ ನಡೆಯಿಂದಲೇ ನಡತೆ ಹುಟ್ಟಿದೆ. ಚರ್ ಧಾತುವಿನಿಂದ ಚರಣವೂ ಆಚಾರವೂ ಚರಿತ್ರವೂ ಬಂದವು. ಗಮ್ ಧಾತುವಿನಿಂದಾದ 'ಜಂಗಮ' ಶಬ್ದಕ್ಕೆ 12ನೆಯ ಶತಮಾನದ ಶರಣರು ಎಂಥ ಪೂಜ್ಯತೆಯನ್ನು ತಂದರೆಂಬುದು ಸರ್ವವಿದಿತ. ಅವರ ಕಲ್ಯಾಣವು ದೂರದ್ದಲ್ಲ. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿನ ಕಡೆಗೆ ಸಾಗಿದರೆ ಅದರ ಹಾದಿ ಸಿಕ್ಕುವುದು. ಇನ್ನು, ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ, ಹುಟ್ಟಿದ ಗ್ರಂಥದ ಹೆಸರೇ 'ಕವಿರಾಜಮಾರ್ಗ'. ಕಾವ್ಯದ ಶೈಲಿಗೆ ದಂಡಿಯಂತೆ 'ಮಾರ್ಗ' ಎಂದೇ ಅದರಲ್ಲಿ ಕರೆದಿದೆ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದು ದಾರಿಯ ಹೆಸರನ್ನು ಹೊತ್ತಿರುವುದು ಈ ನೆಲಕ್ಕೆ ಒಪ್ಪುವಂಥದೇ.

1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ ಕಲಬುರಗಿಯು ರಾಜಧಾನಿಯಾಯಿತು. ಅಲ್ಲಿಂದ ಬಹುಕಾಲ ಪಾರಸಿಯೂ ತರುವಾಯ ಉರ್ದುವೂ ಕಚೇರಿಯ ಭಾಷೆಗಳಾಗಿದ್ದವು. ಬಂದಿತು ಎಂಬರ್ಥದ 'ಆಮದ್', ಹೋಯಿತು ಎಂಬರ್ಥದ 'ರಫ್ತ್' ಕನ್ನಡದಲ್ಲಿ ವ್ಯಾಪಾರದ ಆಮದು, ರಫ್ತುಗಳಾದವು. ರವಾನೆ, ಗಸ್ತು, ರಸ್ತೆಗಳೂ ಪಾರಸಿಯವೇ. ಕಾಲ್ನಡಿಗೆಯವನೆಂಬರ್ಥದ 'ಪಿಯಾದಾ' ನಮ್ಮ ಪೇದೆಯಾದನು. ಪಾರಸಿಯ 'ಪಾ', ಸಂಸ್ಕೃತದ 'ಪಾದ' ಒಂದೇ ಮೂಲದವಾದ್ದರಿಂದ ಪೇದೆಯು ನಮ್ಮ 'ಪದಾತಿ'ಯ ದಾಯಾದಿಯೇ ಸರಿ. ಇಂದಿನ ಪೇದೆಯು ಮೋಟಾರು ಸೈಕಲ್ಲನ್ನೇರಿ ಗಸ್ತು ತಿರುಗಿದರೂ ಅವನ ಹೆಸರಿನ್ನೂ ನಡೆದೇ ಹೋಗುತ್ತಿದೆ! ಈ ಶಬ್ದಗಳು ಕನ್ನಡ ನಾಡಿನಲ್ಲೆಲ್ಲ ಹಬ್ಬಿವೆ. ಇವುಗಳಿಂದ ಕನ್ನಡಕ್ಕೆ ಹಾನಿಯಾಗಲಿಲ್ಲ. ಹೊಸ ಕೆಲಸಕ್ಕೆ ಹೊಸ ಆಳುಗಳಂತೆ ಬಂದು ತಮ್ಮ ತಮ್ಮ ಕೆಲಸವನ್ನು ಮಾಡಿಕೊಂಡಿವೆ. 'ನಡೆ'ಯ ಜಾಗವನ್ನು ಅವು ಕೇಳಲಿಲ್ಲ.

ಈಗ ಬಂದಿರುವ 'ವಾಕಿಂಗ್' ಎಂಬುದರ ವಿಚಾರವು ಸ್ವಲ್ಪ ಬೇರೆ. ಇಂಗ್ಲಿಷಿನಲ್ಲಿ ನಡಿಗೆಯ ಬಗೆಗೊಂದು ಕ್ರಿಯಾಪದವಿದೆ: ವಿಹಾರಕ್ಕೆ ಸ್ಟ್ರೋಲ್, ದಂಡಿನ ನಡೆಗೆ ಮಾರ್ಚ್, ಕಾಲೆಳೆಯುವುದಕ್ಕೆ ಟ್ರಜ್. ಕನ್ನಡವು ಹೆಚ್ಚಾಗಿ ಒಂದೇ ಕ್ರಿಯಾಪದವನ್ನಿಟ್ಟುಕೊಂಡು ಬಿರಬಿರನೆ, ಸರಸರನೆ, ಮೆಲ್ಲಮೆಲ್ಲನೆ ಎಂದು ಧ್ವನಿಯಿಂದಲೇ ಚಿತ್ರ ಬರೆಯುತ್ತದೆ. ಮಗುವಿನದು ಅಂಬೆಗಾಲು, ಅವಸರದವನದು ದಾಪುಗಾಲು. ವಿಹಾರಕ್ಕಂತೂ ಈ ಪ್ರಾಂತದಲ್ಲಿ 'ಅಡ್ಡಾಡು' ಎಂಬ ಸೊಗಸಾದ ಮಾತಿದೆ. ಆದರೂ ಅಪ್ಪನ ಕೆರೆಯ ದಂಡೆಯಲ್ಲಿ ಸಂಜೆ ಅಡ್ಡಾಡುವವರೆಲ್ಲರೂ 'ವಾಕಿಂಗ್' ಮಾಡುವವರೇ ಆಗಿದ್ದಾರೆ. ಕಮಲಾಪುರದ ಬಾಳೆಯ ತೋಟದಿಂದ ಹೊತ್ತು ಮುಳುಗುವಾಗ ಮನೆಗೆ ಮರಳುವ ಹೆಣ್ಣುಮಗಳು ಅಷ್ಟೇ ದೂರ ನಡೆದರೂ ಅದನ್ನು ವಾಕಿಂಗ್ ಎಂದು ಯಾರೂ ಕರೆಯರು. ಹೊಸ ಶಬ್ದವು ನಡಿಗೆಯನ್ನು ಎರಡು ಜಾತಿಯಾಗಿ ಒಡೆದಿದೆ: ನಡೆಯಬೇಕಾದವರದೊಂದು, ನಡೆಯದಿದ್ದರೂ ಸಾಗುವವರದೊಂದು.

ನಿಜಾಮರ ಕಾಲದಲ್ಲಿ ಮೇಲಿನ ತರಗತಿಗಳ ಪಾಠವು ಉರ್ದುವಿನಲ್ಲಿ ನಡೆಯಿತು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ಬಂದ ಪಠ್ಯಗಳ ಕನ್ನಡವು ಬಹುಮಟ್ಟಿಗೆ ದಕ್ಷಿಣದ್ದು, ಈಗಿನದು ಇಂಗ್ಲಿಷ್. ಮೂರು ಕಾಲದಲ್ಲಿಯೂ ಈ ಸೀಮೆಯ ನಡೆನುಡಿಯು ಪುಸ್ತಕದ ಹೊರಗೇ ಉಳಿದುಕೊಂಡಿತು. ಹರದಾರಿಯಿಂದ ದೂರವನ್ನು ಅಳೆಯುತ್ತ, ಕಮಲಾಪುರದಿಂದ ಕಲಬುರಗಿಯ ಸಂತೆಗೆ ಒಂದು ದಿನದ ಹಾದಿಯೆಂದು ಕಾಲಿನಿಂದಲೇ ಬಲ್ಲ ಹಿರಿಯರು ಇನ್ನು ಕೆಲವರೇ ಉಳಿದಿದ್ದಾರೆ. ಕನ್ನಡ ಎಂ.ಎ. ಓದುವ ಆಯಾ ಊರಿನ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಅವರ ಜಗಲಿಯ ಮೇಲೆ ಕುಳಿತು 'ನಡೆ'ಯ ಪ್ರಯೋಗಗಳನ್ನು ಬರೆದುಕೊಂಡರೆ ಒಂದು ಚಿಕ್ಕ ಕೋಶಕ್ಕೆ ಸಾಲುವಷ್ಟು ಸಿಕ್ಕಾವು. 'ದೇವರಿಗೆ ನಡೆದುಕೊಳ್ಳು' ಎಂಬುದನ್ನು ಮೊದಲು ಬರೆದುಕೊಳ್ಳಲಿ.