ಪಾವಗಡ–ಮಧುಗಿರಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್

ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆ ತಾಲ್ಲೂಕುಗಳ ಅಂತರ್ಜಲಕ್ಕೆ ಬಂಡೆಯಿಂದಲೇ ಬಂದು ಬೆರೆಯುವ ಲವಣಾಂಶ ಫ್ಲೋರೈಡ್. ಅದು ನೀರಿನಲ್ಲಿ ಮೊದಲೇ ಇತ್ತೇ, ಕೊಳವೆಬಾವಿ ಕೊರೆದ ಮೇಲೆ ಬಂತೇ ಎಂಬುದು ಇಲ್ಲಿ ಕೇಳಿಬರುವ ಪ್ರಶ್ನೆ.

ಕೊಳವೆಬಾವಿಗೆ ಮುಂಚಿನ ನೀರಿನ ಲೆಕ್ಕ ತಕ್ಕಮಟ್ಟಿಗೆ ಸಿಗುತ್ತದೆ. ಬಿ. ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್, ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿನತ್ತ ಎಳೆದ ಗೆರೆಯ ಪೂರ್ವಕ್ಕೆಲ್ಲ ತಲಪರಿಗೆ ಎಂಬ ಊಟೆಗಳಿವೆ ಎನ್ನುತ್ತದೆ. ದಕ್ಷಿಣದ ಮರಳು ನೆಲದಲ್ಲಿ ಸ್ವಲ್ಪ ಬಗೆದರೆ ಊಟೆ ಎದ್ದು ನೀರು ಮೇಲಕ್ಕೇ ಬರುತ್ತಿತ್ತು. ಪಾವಗಡದ ಕಡೆ ಮೆದುಕಲ್ಲು ಕಡಿಯಬೇಕಿತ್ತು. ಸಿಕ್ಕ ನೀರನ್ನು ಕಾಲುವೆಯಲ್ಲಿ ಹೊಲಕ್ಕೆ ಹರಿಸುತ್ತಿದ್ದರು, ಇಲ್ಲವೇ ಕಪಿಲೆ ಕಟ್ಟಿ ಎತ್ತುಗಳಿಂದ ಎತ್ತಿಸುತ್ತಿದ್ದರು. ಅಳಿದುಳಿದ ತಲಪರಿಗೆಗಳನ್ನು ಇತ್ತೀಚೆಗೆ ಮಲ್ಲಿಕಾರ್ಜುನ ಹೊಸಪಾಳ್ಯ ಊರೂರು ತಿರುಗಿ ದಾಖಲಿಸಿದ್ದಾರೆ. ಗೆಜೆಟಿಯರ್ ನೀರಿನ ಆಳ ಹೇಳುತ್ತದೆ, ಹರಿವು ಹೇಳುತ್ತದೆ. ನೀರಿನೊಳಗೆ ಏನಿತ್ತೆಂದು ಹೇಳುವುದಿಲ್ಲ. ಮುಂದಿನ ಗೊಂದಲಕ್ಕೆಲ್ಲ ಮೂಲ ಈ ಕೊರತೆಯೇ.

ಬಂಡೆಯ ವಿಚಾರದಲ್ಲಿ ಅಂಥ ಗೊಂದಲವಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಸುಮಾರು 250 ಕೋಟಿ ವರ್ಷ ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸೇರಿದ್ದು. ರಾಮನಗರದ ಹಳೆಯ ಹೆಸರೇ ಈ ಪಟ್ಟಿಗೆ ಉಳಿದುಬಂದಿದೆ. ಇಂಥ ಶಿಲೆಯ ಕಪ್ಪು ಅಭ್ರಕ, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕಿಳಿಸುತ್ತದೆ. ಸೋಡಿಯಂ ಹೆಚ್ಚಿ ಕ್ಯಾಲ್ಸಿಯಂ ಇಳಿದ ನೀರಿನಲ್ಲಿ ಫ್ಲೋರೈಡ್ ಕರಗಿಯೇ ಉಳಿಯುತ್ತದೆ.

ಬೋರ್ ಕೊರೆದ ಮೇಲೆಯೇ ಹಲ್ಲು ಕಂದಾಯಿತು, ಮಂಡಿ ಹಿಡಿಯಿತು ಎಂಬುದು ಈ ಭಾಗದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಅದನ್ನು ತಳ್ಳಿಹಾಕುವಂತಿಲ್ಲ. ಆಳದ ಬಿರುಕುಗಳಲ್ಲಿ ನೀರು ಬಹುಕಾಲ ಕಲ್ಲಿಗಂಟಿ ನಿಲ್ಲುವುದರಿಂದ ಫ್ಲೋರೈಡ್ ಸೆಳೆದುಕೊಳ್ಳಲು ಸಮಯ ಸಿಗುತ್ತದೆ. ಆದರೆ ಎದುರು ಸಾಕ್ಷ್ಯವೂ ಬಲವಾಗಿಯೇ ಇದೆ. ಭಾರತದಲ್ಲಿ ಫ್ಲೋರೈಡ್ ಹೆಚ್ಚಿ ಹಲ್ಲು, ಮೂಳೆ ಕೆಡುವ ರೋಗವಾದ ಫ್ಲೋರೋಸಿಸ್ ಮನುಷ್ಯರಲ್ಲಿ ಮೊದಲು 1937ರಲ್ಲಿ ವರದಿಯಾದದ್ದು ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಆ ಹಳ್ಳಿಗಳಿಗೆ ಕೊರೆಯುವ ಯಂತ್ರಗಳು ಆಗಿನ್ನೂ ಬಂದಿರಲಿಲ್ಲ. ಮಳೆ ಕಡಿಮೆಯಿರುವ ಕಡೆ ನೀರು ಆವಿಯಾಗುತ್ತ ಮೇಲ್ಪದರದಲ್ಲೂ ಲವಣ ಗಟ್ಟಿಯಾಗುತ್ತದೆ. ಒಂದೇ ಊರಿನ ಎರಡು ಬಾವಿಗಳ ನೀರೂ ಒಂದೇ ತೆರನಾಗಿರುವುದಿಲ್ಲ. ಹಾಗಾಗಿ ‘ಫ್ಲೋರೈಡ್ ಪೀಡಿತ ಗ್ರಾಮ’ ಎಂಬ ಸರ್ಕಾರಿ ಪಟ್ಟಿಗಳನ್ನು ಎಚ್ಚರದಿಂದ ಓದಬೇಕು. ಒಟ್ಟಾರೆ ನೋಡಿದರೆ, ಕೊರೆತಕ್ಕೂ ಮುಂಚೆ ಕಲ್ಲಿನಲ್ಲಿ ಫ್ಲೋರೈಡ್ ಇದ್ದೇ ಇತ್ತು. ಕೆರೆ, ತಲಪರಿಗೆ, ಸೇದುಬಾವಿಗಳು ಬತ್ತಿ ಇಡೀ ಊರು ಒಂದೆರಡು ಬೋರ್‌ಗಳ ನೀರನ್ನೇ ನೆಚ್ಚಬೇಕಾಗಿ ಬಂದದ್ದು ಮಾತ್ರ ಹೊಸದು. ತಿರುವು ಎನ್ನುವುದಾದರೆ ಇದನ್ನೇ ಎನ್ನಬೇಕು.

ಈ ತಿರುವು ಬಂದದ್ದು ಹೀಗೆ: ಬರದ ವರ್ಷಗಳಲ್ಲಿ ಯುನಿಸೆಫ್ ನೆರವಿನ ಕೊರೆಯುವ ಯಂತ್ರಗಳೂ 1970ರ ದಶಕದ ಕೊನೆಗೆ ಇಂಡಿಯಾ ಮಾರ್ಕ್–2 ಕೈಪಂಪುಗಳೂ ದೇಶದ ಹಳ್ಳಿಗಳಿಗೆ ಬಂದವು. ಕಾಲರಾ, ನಾರುಹುಣ್ಣಿನಂಥ ರೋಗಗಳಿಂದ ಪಾರಾಗಲು ಆಳದ ನೀರೇ ಸುರಕ್ಷಿತವೆಂಬ ನಂಬಿಕೆ ಆಗಿನದು. ಆಮೇಲೆ ಪಂಪುಸೆಟ್ಟುಗಳು ಬಂದು ಬೋರ್‌ಗಳು ಸಾವಿರ ಅಡಿ ದಾಟಿದವು. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಕೊರೆಯಬಾರದೆಂದು ರಾಜ್ಯ 1999ರಲ್ಲಿ ಕಾಯ್ದೆ ತಂದಿತು. 2011ರಲ್ಲಿ ಅಂತರ್ಜಲ ನಿಯಂತ್ರಣಕ್ಕೆ ಇನ್ನೊಂದು ಕಾಯ್ದೆ ಬಂತು.

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ; ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹ್ಯ. ಪರಿಹಾರವಾಗಿ ಮೊದಲು ಕೇಳಿಬಂದದ್ದು ನಾಗಪುರದ ನೀರಿ ಸಂಸ್ಥೆ ರೂಪಿಸಿದ, ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ. ಆಮೇಲೆ ಊರೂರಿಗೆ ನೀರು ಶುದ್ಧೀಕರಿಸುವ ಆರ್‌.ಒ. ಘಟಕಗಳು ಬಂದವು. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಈ ನೀರು ಕುಡಿಯಲು ಸರಿ. ಆದರೆ ಶೋಧನೆಯಲ್ಲಿ ಹೊರಬೀಳುವ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ದಟ್ಟವಾಗಿರುತ್ತದೆ, ಅದನ್ನು ಮೋರಿಗೆ ಬಿಟ್ಟರೆ ಮರಳಿ ನೆಲಕ್ಕೇ ಇಳಿಯುತ್ತದೆ. ಹೊರಗಿನಿಂದ ನದಿನೀರು ತರುವ ಯೋಜನೆಗಳು ಈಚಿನವು: ಪಾವಗಡಕ್ಕೆ ತುಂಗಭದ್ರಾ ಹಿನ್ನೀರು, ಸಿರಾಕ್ಕೆ ಹೇಮಾವತಿ ಮತ್ತು ಭದ್ರಾ ಮೇಲ್ದಂಡೆ, ಕೊರಟಗೆರೆ–ಮಧುಗಿರಿಗೆ ಎತ್ತಿನಹೊಳೆ. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದಲ್ಲಿ ಚಾಲನೆ ಸಿಕ್ಕಿತು.