ಇಂಗ್ಲಿಷ್ ಕಲಿಕೆಯಲ್ಲಿ ಚಿತ್ರಕಥೆ

ಇಂಗ್ಲಿಷ್ ಮನೆಮಾತಲ್ಲದವರಿಗೆ ಆ ಭಾಷೆಯನ್ನು ಕಾಮಿಕ್ಸ್ ಹಾಗೂ ಗ್ರಾಫಿಕ್ ಕಾದಂಬರಿಗಳ ಮೂಲಕ ಕಲಿಸುವ ಪದ್ಧತಿ. ಚಿತ್ರ ತೋರಿಸಿ ಭಾಷೆ ಹೇಳಿಕೊಡುವುದು ಹಳೆಯ ದಾರಿಯೇ. ಶಿಕ್ಷಣತಜ್ಞ ಕೊಮೆನಿಯಸ್ 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಹೊರತಂದ ಲ್ಯಾಟಿನ್ ಸಚಿತ್ರ ಪಠ್ಯ ಮರುವರ್ಷವೇ ಇಂಗ್ಲಿಷಿಗೂ ಬಂದಿತ್ತು. ಆದರೆ ಅಲ್ಲಿನ ಚಿತ್ರಗಳು ವಸ್ತುಗಳನ್ನು ಗುರುತಿಸಿಕೊಡುತ್ತಿದ್ದವು, ಕಥೆ ಹೇಳುತ್ತಿರಲಿಲ್ಲ.

ಚಿತ್ರಗಳ ಸಾಲಿನಿಂದಲೇ ವಾಕ್ಯರಚನೆ ಕಲಿಸಲು ಹೊರಟವರಲ್ಲಿ ಐ. ಎ. ರಿಚರ್ಡ್ಸ್ ಮತ್ತು ಕ್ರಿಸ್ಟೀನ್ ಗಿಬ್ಸನ್ ಮುಖ್ಯರು. ಅವರ ‘ಇಂಗ್ಲಿಷ್ ಥ್ರೂ ಪಿಕ್ಚರ್ಸ್’ 1945ರಲ್ಲಿ ಪ್ರಕಟವಾಯಿತು. ಅದರಲ್ಲಿರುವುದು ಕಡ್ಡಿಗೆರೆಯ ಮನುಷ್ಯರು, ಪುಟ್ಟ ಚೌಕಗಳು. ಮೊದಲ ಚೌಕ ಅರ್ಥವಾದವನಿಗೆ ಮುಂದಿನದರ ಸುಳಿವು ಸಿಗುತ್ತದೆ, ಅನುವಾದ ಬೇಕಾಗುವುದಿಲ್ಲ. ನಗೆಯಾಗಲಿ ನಾಯಕನಾಗಲಿ ಇಲ್ಲದ ಈ ಪುಸ್ತಕವನ್ನು ಕಾಮಿಕ್ಸ್ ಎನ್ನಲು ಮನಸ್ಸು ಒಪ್ಪದಿದ್ದರೂ ಅದರ ಹೂರಣ ಕಾಮಿಕ್ಸಿನದೇ.

ಅದೇ ದಶಕದ ಅಮೆರಿಕದಲ್ಲಿ ನಿಜವಾದ ಕಾಮಿಕ್ಸ್ ಶಾಲೆಯ ಬಾಗಿಲಲ್ಲೇ ನಿಂತಿತ್ತು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಪುಸ್ತಕಗಳ ಪದಗಳನ್ನು ಎಣಿಸಿದ ರಾಬರ್ಟ್ ಥಾರ್ನ್‌ಡೈಕ್, ಒಂದೊಂದರಲ್ಲೂ ಸುಮಾರು 10,000 ಪದಗಳಿವೆ ಎಂದು 1941ರಲ್ಲಿ ತೋರಿಸಿದರು. ಕಸವೆಂದು ಹಿರಿಯರು ಕಿತ್ತಿಡುತ್ತಿದ್ದುದರಲ್ಲಿ ಇಷ್ಟು ಓದು ಅಡಗಿತ್ತು! ಆದರೆ 1954ರಲ್ಲಿ ಕಾಮಿಕ್ಸ್ ವಿರುದ್ಧ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರ ಆರೋಪಗ್ರಂಥ, ಸೆನೆಟ್ ಉಪಸಮಿತಿಯ ವಿಚಾರಣೆ, ಪ್ರಕಾಶಕರೇ ಹಾಕಿಕೊಂಡ ಕಾಮಿಕ್ಸ್ ಸಂಹಿತೆ ಒಂದರ ಹಿಂದೊಂದು ಬಂದವು. ಅಪರಾಧಕ್ಕೆ ಕಾರಣವೆನಿಸಿಕೊಂಡದ್ದನ್ನು ಪಾಠಕ್ಕೆ ತರುವುದು ಮೇಷ್ಟ್ರಿಗೆ ಕಷ್ಟವಾಯಿತು.

ಭಾರತದಲ್ಲಿ ಕಥೆ ಬೇರೆ. ಕಾರ್ಕಳದ ಅನಂತ ಪೈ 1967ರಲ್ಲಿ ಆರಂಭಿಸಿದರೆಂದು ಹೇಳಲಾಗುವ ಅಮರ ಚಿತ್ರಕಥೆಯ ಮೊದಲ ಹತ್ತು ಸಂಖ್ಯೆಗಳು ಸಿಂಡರೆಲ್ಲಾದಂಥ ಪರದೇಶದ ಕಥೆಗಳು; ಹನ್ನೊಂದನೆಯದು ‘ಕೃಷ್ಣ’. 1980ರಲ್ಲಿ ‘ಟಿಂಕಲ್’ ಬಂತು. ಇವು ಇಂಗ್ಲಿಷ್ ಪಾಠಕ್ಕೆಂದು ಹುಟ್ಟಿದವಲ್ಲ. ಆದರೆ ಅಜ್ಜಿಯಿಂದ ಕೇಳಿದ್ದ ಕಾಳಿಂಗಮರ್ದನವನ್ನೇ ಇಂಗ್ಲಿಷಿನಲ್ಲಿ ಓದುವ ಮಗುವಿಗೆ ಕಥೆ ಮೊದಲೇ ಗೊತ್ತು. ಗೊತ್ತಿಲ್ಲದ್ದು ಮಾತು ಮಾತ್ರ. ಅರ್ಥವಾಗುವಷ್ಟು, ಅರ್ಥವಾದದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ಭಾಷೆ ಕಿವಿಗೆ, ಕಣ್ಣಿಗೆ ಬೀಳಬೇಕೆಂದು ವಾದಿಸಿದ ಭಾಷಾತಜ್ಞ ಸ್ಟೀಫನ್ ಕ್ರಾಶೆನ್, 1993ರ ‘ದಿ ಪವರ್ ಆಫ್ ರೀಡಿಂಗ್’ನಲ್ಲಿ ಕಾಮಿಕ್ಸನ್ನು ಗಟ್ಟಿಯಾಗಿ ಸಮರ್ಥಿಸಿದರು.

ಈ ಹೊತ್ತಿಗೆ ಮಾಧ್ಯಮಕ್ಕೆ ಮರ್ಯಾದೆಯೂ ಬಂದಿತ್ತು. ಆರ್ಟ್ ಸ್ಪೀಗಲ್‌ಮನ್‌ರ ಗ್ರಾಫಿಕ್ ಕಾದಂಬರಿ ‘ಮೌಸ್’ಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಸಂದಿತು. ಸ್ವತಃ ಶಾಲಾ ಶಿಕ್ಷಕರಾಗಿದ್ದ ಜೀನ್ ಲುಯೆನ್ ಯಾಂಗ್‌ರ ‘ಅಮೆರಿಕನ್ ಬಾರ್ನ್ ಚೈನೀಸ್’ 2006ರಲ್ಲಿ ಹೊರಬಂತು. 2004ರಲ್ಲಿ ಜುನ್ ಲಿಯು ಪ್ರಕಟಿಸಿದ ಅಧ್ಯಯನ ಉತ್ಸಾಹಕ್ಕೆ ಒಂದು ಮಿತಿಯನ್ನೂ ಹಾಕಿತು: ಜೊತೆಗಿಟ್ಟ ಚಿತ್ರಕಥೆ ಹೆಚ್ಚು ನೆರವಾದದ್ದು, ಕಷ್ಟದ ಪಠ್ಯ ಓದುತ್ತಿದ್ದ ಕೆಳಹಂತದ ಕಲಿಯುವವರಿಗೆ. 2007ರಲ್ಲಿ ಆರಂಭವಾದ ಬ್ರಿಟನ್ನಿನ ಕ್ಲಾಸಿಕಲ್ ಕಾಮಿಕ್ಸ್, ಶೇಕ್ಸ್‌ಪಿಯರ್ ನಾಟಕಗಳನ್ನು ಅವೇ ಚಿತ್ರಗಳಿಗೆ ಮೂಲ, ಸರಳ, ಸಂಕ್ಷಿಪ್ತ ಎಂಬ ಮೂರು ಬಗೆಯ ಮಾತು ಹೊಂದಿಸಿ ಅಚ್ಚುಹಾಕಿತು.

ತರಗತಿಯಲ್ಲಿ ಹೆಚ್ಚು ಕೆಲಸ ಮಾಡುವುದು ಚಿತ್ರಕ್ಕಿಂತ ಎರಡು ಚೌಕಗಳ ನಡುವಿನ ಖಾಲಿ ಜಾಗ. ಒಂದರಲ್ಲಿ ಹುಡುಗ ಮಾವಿನ ಮರ ಹತ್ತುತ್ತಿದ್ದಾನೆ, ಇನ್ನೊಂದರಲ್ಲಿ ಅವನ ಕೈಗೆ ಬ್ಯಾಂಡೇಜು. ಬಿದ್ದದ್ದನ್ನು ಯಾರೂ ಬರೆದಿಲ್ಲ. ‘ಹಿ ಫೆಲ್’ ಎಂದು ವಿದ್ಯಾರ್ಥಿಯೇ ಹೇಳಬೇಕು; ಭೂತಕಾಲ ಅವನ ಬಾಯಿಂದಲೇ ಬರುತ್ತದೆ. ಮಾತಿನ ಗುಳ್ಳೆಗಳನ್ನು ಬಿಳಿಯಾಗಿಸಿ ತುಂಬಿಸುವುದು, ಚೌಕಗಳನ್ನು ಕಲಸಿ ಜೋಡಿಸಲು ಹೇಳುವುದೂ ಇದರ ಮುಂದುವರಿಕೆ. ಪಠ್ಯಪುಸ್ತಕ ಒಳಗೆ ಬಿಟ್ಟುಕೊಳ್ಳದ ಅರ್ಧವಾಕ್ಯ, ಉದ್ಗಾರ, ಕತ್ತರಿಸಿದ ಆಡುಮಾತು ಇಲ್ಲಿ ಹೇರಳ. ತೊಡಕೂ ಇಲ್ಲೇ: ನಮ್ಮಲ್ಲಿ ‘ಧೊಪ್ಪನೆ’ ಬಿದ್ದದ್ದು ಇಂಗ್ಲಿಷಿನಲ್ಲಿ ‘ಥಡ್’ ಎಂದು ಬೀಳುತ್ತದೆ, ಅದನ್ನು ಚಿತ್ರ ನೋಡದೆ ಊಹಿಸಲಾಗದು. ಕೈಬರಹವನ್ನೆಲ್ಲ ದೊಡ್ಡಕ್ಷರದಲ್ಲೇ ಬರೆಯುವ ಕಾಮಿಕ್ಸ್ ರೂಢಿ, ವಾಕ್ಯದ ಮೊದಲ ಅಕ್ಷರ ಹೇಗಿರಬೇಕೆಂಬುದನ್ನು ಹೇಳಿಕೊಡುವುದಿಲ್ಲ. ಅದಕ್ಕೆ ಇನ್ನೊಂದು ಪುಸ್ತಕ ತೆರೆಯಲೇಬೇಕು.