ಹಾಂಟಿಂಗ್ ದ ಚಾಪೆಲ್

ಅಮೆರಿಕದ ಕ್ಯಾಲಿಫೋರ್ನಿಯಾದ ಥ್ರ್ಯಾಶ್ ಮೆಟಲ್ ತಂಡ ಸ್ಲೇಯರ್ 1984ರಲ್ಲಿ ಹೊರತಂದ ಕಿರು ಧ್ವನಿಮುದ್ರಿಕೆ (ಇ.ಪಿ.). ಮೆಟಲ್ ಬ್ಲೇಡ್ ಸಂಸ್ಥೆ ಇದನ್ನು ಪ್ರಕಟಿಸಿತು. ಮೂಲ ಮುದ್ರಿಕೆಯಲ್ಲಿದ್ದದ್ದು ಮೂರೇ ಹಾಡು: ‘ಕೆಮಿಕಲ್ ವಾರ್‌ಫೇರ್’, ‘ಕ್ಯಾಪ್ಟರ್ ಆಫ್ ಸಿನ್’ ಮತ್ತು ಶೀರ್ಷಿಕೆ ಗೀತೆ.

ಹಿಂದಿನ ವರ್ಷದ ಚೊಚ್ಚಲ ಆಲ್ಬಂ ‘ಶೋ ನೋ ಮರ್ಸಿ’ಯಲ್ಲಿ ಐರನ್ ಮೇಡನ್, ಜೂಡಾಸ್ ಪ್ರೀಸ್ಟ್ ಮತ್ತು ವೆನಮ್ ತಂಡಗಳ ಛಾಯೆ ದಟ್ಟವಾಗಿತ್ತು. ಇಲ್ಲಿ ಆ ರಾಗಮಯತೆ ಹಿಂದೆ ಸರಿದು ವೇಗ, ಕರ್ಕಶತೆ ಮತ್ತು ಕತ್ತಲು ಮುಂದೆ ಬಂದವು. ಕೆರಿ ಕಿಂಗ್ ಮತ್ತು ಜೆಫ್ ಹ್ಯಾನೆಮನ್ ಅವರ ಗಿಟಾರ್‌ಗಳು ಒತ್ತೊತ್ತಾಗಿ ಕೊರೆಯುತ್ತವೆ; ಟಾಮ್ ಅರಾಯಾ ಹಾಡುವುದಕ್ಕಿಂತ ಅಬ್ಬರಿಸುವುದೇ ಹೆಚ್ಚು. ಆರು ನಿಮಿಷದಷ್ಟು ಉದ್ದದ ‘ಕೆಮಿಕಲ್ ವಾರ್‌ಫೇರ್’ ಈ ತಿರುವಿನ ನಿಜವಾದ ಗುರುತು. ಉಳಿದೆರಡು ಹಾಡುಗಳು ಅದರ ನೆರಳಿನಲ್ಲೇ ನಿಲ್ಲುತ್ತವೆ.

‘ಕೆಮಿಕಲ್ ವಾರ್‌ಫೇರ್’ ಧ್ವನಿಮುದ್ರಣದ ಪ್ರಸಂಗವೊಂದು ಅಭಿಮಾನಿಗಳಿಗೆ ಬಾಯಿಪಾಠ. ಸ್ಟುಡಿಯೋದ ಕಾಂಕ್ರೀಟ್ ನೆಲಕ್ಕೆ ಜಮಖಾನೆ ಹಾಸಿರಲಿಲ್ಲ. ಡೇವ್ ಲೊಂಬಾರ್ಡೋ ಬಾರಿಸಿದಂತೆಲ್ಲ ಡ್ರಮ್‌ಗಳು ಜಾರತೊಡಗಿದವು. ಆಗ ತಂಡದ ಸಹಾಯಕನಾಗಿದ್ದ, ಮುಂದೆ ಸ್ವತಃ ಹೆಸರಾಂತ ಡ್ರಮ್ಮರ್ ಆದ ಜೀನ್ ಹೋಗ್ಲನ್, ಅವನ್ನು ಕೈಯಲ್ಲಿ ಅದುಮಿ ಹಿಡಿದು ಕೂರಬೇಕಾಯಿತು.

ಇಲ್ಲಿ ಹಿಡಿದ ದಾರಿಯಲ್ಲೇ ತಂಡ ‘ಹೆಲ್ ಅವೇಟ್ಸ್’ (1985), ‘ರೇನ್ ಇನ್ ಬ್ಲಡ್’ (1986) ಆಲ್ಬಂಗಳಿಗೆ ಸಾಗಿತು. ಮರುಮುದ್ರಣಗಳಲ್ಲಿ ‘ಅಗ್ರೆಸಿವ್ ಪರ್ಫೆಕ್ಟರ್’ ಹಾಡೂ ಸೇರಿದೆ.